ಖಾಲಿ ಮಡಿಲು

ಹೋದ ಶನಿವಾರ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಹೋಗಿದ್ವಿ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹೋಗೋಕೆ ದುಡ್ಡು ಕೊಡಬೇಕಿಲ್ಲ... ನಮ್ಮಂಥವರಿಗೆ ಚಿತ್ರಕಲೆಯ ಮೇಲೆ ಪ್ರೀತಿ ಹುಟ್ಟೋದು ಹೀಗೇ :)

ಅಲ್ಲಿ ಥಾಮಸ್ ಗೇನ್ಸ್‌ಬರೋ ಬರೆದ 'ಮಿಸ್ಟರ್ ಅಂಡ್ ಮಿಸೆಸ್ ಆಂಡ್ರ್ಯೂಸ್' ಚಿತ್ರದ ಮುಂದೆ ನಿಂತವಳು ಅಲ್ಲೇ ನಿಂತುಬಿಟ್ಟೆ. ಸುಮಾರು 1750ರ ಚಿತ್ರ. ಆಗ ಗೇನ್ಸ್‌ಬರೋಗೆ 23ರ ಆಸುಪಾಸು. ಲಂಡನ್ನಿನಲ್ಲಿ ಕೆಲಸ ಕಲಿತು, ವಾಪಸ್ ತನ್ನೂರು ಸಡ್‌ಬರಿಗೆ ಬಂದು ಅಕ್ಕಪಕ್ಕದವರ ಮುಖ ಬರೆದುಕೊಂಡಿದ್ದ ಹುಡುಗ. ಬಾತ್, ಲಂಡನ್, ಹೆಸರು, ದುಡ್ಡು ಎಲ್ಲ ಆಮೇಲಿನ ಮಾತು.

ಬಲಗಡೆ ಅರ್ಧ ಚಿತ್ರ ಪೂರ್ತಿ ಹೊಲ, ಮೋಡ, ಕೊಯ್ದಿಟ್ಟ ಪೈರಿನ ಸಿವುಡುಗಳು. ಎಡಗಡೆ ದೊಡ್ಡ ಓಕ್ ಮರ. ಅದರ ಕೆಳಗೆ ಬಂದೂಕು ಸಿಕ್ಕಿಸಿಕೊಂಡು, ಇಡೀ ಊರೇ ನಂದು ಅನ್ನೋ ಹಾಗೆ ನಿಂತ ರಾಬರ್ಟ್. (ಜಾನ್ ಬರ್ಜರ್ 1972ರಲ್ಲಿ 'ವೇಸ್ ಆಫ್ ಸೀಯಿಂಗ್'ನಲ್ಲಿ ಇವರ ಜಮೀನ್ದಾರಿಕೆಯನ್ನೇ ಹಿಡಿದು ಮಾತಾಡಿದ್ದರು. ಸರಿಯೇ. ಆದರೆ ನನ್ನ ಕಣ್ಣು ಜಮೀನಿನ ಕಡೆ ಹೋಗಲೇ ಇಲ್ಲ.) ಪಕ್ಕದ ಬೆಂಚಿನ ಮೇಲೆ ಅವನ ಹೆಂಡತಿ ಫ್ರಾನ್ಸೆಸ್. ತಿಳಿನೀಲಿ ಬಟ್ಟೆ, ಬೆಂಚಿನುದ್ದಕ್ಕೂ ಹರಡಿದ ಲಂಗ, ಹುಲ್ಲಿನ ಟೋಪಿ. 1748ರ ನವೆಂಬರಿನಲ್ಲಿ ಮದುವೆಯಾದಾಗ ಅವನಿಗೆ 22, ಅವಳಿಗೆ 16. ಮುಖದಲ್ಲಿ ನಗು ಇಲ್ಲ. 'ಬೇಗ ಮುಗಿಸಪ್ಪ' ಅನ್ನೋ ಥರ ನೋಡ್ತಾಳೆ.

ಅವಳ ಮಡಿಲಲ್ಲಿ ಏನೂ ಇಲ್ಲ. ಏನೂ ಇಲ್ಲ ಅಂದರೆ, ಅಲ್ಲಿ ಚಿತ್ರವೇ ಇಲ್ಲ! ರೇಷ್ಮೆಯ ಒಂದೊಂದು ಮಡಿಕೆ ಬರೆದವನು ಅಲ್ಲಿ ಮಾತ್ರ ಕಂದು ಬಣ್ಣದ ಒಂದು ತುಂಡು ಜಾಗ ಹಾಗೇ ಬಿಟ್ಟಿದ್ದಾನೆ. ಗಂಡ ಹೊಡೆದು ತಂದ ಹಕ್ಕಿ ಬರಬೇಕಿತ್ತು ಅಂತಾರೆ ಕೆಲವರು. ಪುಸ್ತಕ ಅಂತಾರೆ, ಕಸೂತಿ ಅಂತಾರೆ.

ನಮ್ಮ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಜೊತೆಯವಳಿಗೆ ಹೇಳಿದಳು, "ಮಗುವಿಗೆ ಜಾಗ ಬಿಟ್ಟಿರೋದು."

ನಾನು ಇವರ ಮುಖ ನೋಡಲಿಲ್ಲ. ಇವರೂ ನನ್ನ ಮುಖ ನೋಡಲಿಲ್ಲ.

ನಮ್ಮ ಮದುವೆಯಾಗಿ ಆರು ವರ್ಷ. ಪ್ರತಿಸಲ ಊರಿಂದ ಹೊರಡುವಾಗ ಅಮ್ಮ ಮಣೆ ಮೇಲೆ ಕೂರಿಸಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಹಾಕಿ ಮಡಿಲು ತುಂಬ್ತಾಳೆ. ಮನಸ್ಸಲ್ಲಿ ಏನು ಬೇಡಿಕೊಳ್ತಾಳೆ ಅಂತ ಇಬ್ಬರಿಗೂ ಗೊತ್ತು, ಇಬ್ಬರೂ ಮಾತಾಡಲ್ಲ. ವಿಮಾನದ ತೂಕದ ನೆಪ ಹೇಳಿ ತೆಂಗಿನಕಾಯಿ ಅಲ್ಲೇ ಬಿಟ್ಟು ಬರ್ತೀನಿ.

ಗೇನ್ಸ್‌ಬರೋ ತನ್ನ ಸಂಸಾರದ್ದೂ ಒಂದು ಚಿತ್ರ ಬರೆದಿದ್ದಾನೆ, ಅದೂ ಇದೇ ಗ್ಯಾಲರಿಯದ್ದು. ತಾನು, ಹೆಂಡತಿ ಮಾರ್ಗರೆಟ್, ನಡುವೆ ಪುಟ್ಟ ಮಗು. ಅದು ಬಹುಶಃ ಮೊದಲ ಮಗಳು ಮೇರಿ. 1748ರಲ್ಲೇ ಆ ಕೂಸು ತೀರಿಕೊಂಡಿತು. ಅಂದರೆ ಫ್ರಾನ್ಸೆಸ್‌ಳನ್ನು ಎದುರಿಗೆ ಕೂರಿಸಿಕೊಂಡು ಬರೆಯುವ ಹೊತ್ತಿಗೆ ಖಾಲಿ ಮಡಿಲು ಅವನ ಮನೆಯವರೇ ಕಂಡದ್ದು. ಆಮೇಲೆ ಅವರಿಗೆ ಇಬ್ಬರು ಹೆಣ್ಣುಮಕ್ಕಳಾದರು, ದೊಡ್ಡವಳಿಗೂ ಮೇರಿ ಅಂತಲೇ ಹೆಸರಿಟ್ಟರು.

ಫ್ರಾನ್ಸೆಸ್‌ಗೂ ಮಕ್ಕಳಾದವು. ಚಿತ್ರ 1960ರವರೆಗೆ ಆ ವಂಶದವರ ಬಳಿಯೇ ಇತ್ತು. ಗೇನ್ಸ್‌ಬರೋ ಬದುಕಿದ್ದದ್ದು 1788ರವರೆಗೆ, ಕರೆಸಿ ಬರೆಸಬಹುದಿತ್ತು. ಮನೆ ತುಂಬ ಮಕ್ಕಳು ಓಡಾಡಿದರೂ ಗೋಡೆ ಮೇಲಿನ ಹುಡುಗಿಯ ಮಡಿಲು ತುಂಬಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲವಲ್ಲ! ಯಾಕೋ ಅದು ನನಗೆ ತುಂಬ ಹಿಡಿಸಿತು.

ಭಾನುವಾರ ಅಮ್ಮನ ಫೋನು. "ಏನೇ, ಏನಾದ್ರೂ ವಿಶೇಷಾನಾ?"

"ಒಂದು ಚಿತ್ರ ನೋಡ್ದೆ ಅಮ್ಮಾ" ಅಂತ ಎಲ್ಲ ಹೇಳಿದೆ. ಹಕ್ಕಿ, ಪುಸ್ತಕ, ಕಸೂತಿ... ಮಗುವಿನ ಮಾತೊಂದು ಬಿಟ್ಟು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹದಿನಾರಕ್ಕೇ ಮದುವೆಯಾ? ಪಾಪ, ಆ ಹುಡುಗಿಗೆ ಕೂತೂ ಕೂತೂ ಸೊಂಟ ನೋವು ಬಂದಿರುತ್ತೆ" ಅಂದಳು. ಆಮೇಲೆ ಹಲಸಿನ ಹಪ್ಪಳದ ಸುದ್ದಿಗೆ ಹೋದಳು. ಈ ಸಲ ಮಾಡಿದ್ದು ಚೆನ್ನಾಗಿ ಬಂದಿದೆಯಂತೆ, ಯಾರ ಕೈಲಾದರೂ ಕಳಿಸ್ತಾಳಂತೆ.