ಬುಡದಿಂದ ಬಂದ ಗುಲಾಬಿ

ಮೇಲಿನ ಮನೆಯ ಹುಡುಗಿ ಮೊನ್ನೆ ಗುಲಾಬಿಯ ಕುಂಡವನ್ನು ಎತ್ತಿಕೊಂಡೇ ಮೆಟ್ಟಿಲಿಳಿದು ಬಂದಳು. ಮುಖ ಕೆಂಪಾಗಿತ್ತು. "ನೋಡಿ ಆಂಟಿ, ಕಡುಗೆಂಪು ಅಂತ ಹೇಳಿ ಕೊಟ್ಟರು. ಹೋದ ವರ್ಷ ಕೆಂಪೇ ಬಿಟ್ಟಿತ್ತು. ಈಗ ನೋಡಿದ್ರೆ ಈ ಸಪ್ಪೆ ಪಿಂಕು! ಹಿಂಗೂ ಮೋಸ ಮಾಡ್ತಾರಾ?"

ಕುಂಡ ನೋಡಿದೆ. ಕೆಂಪು ಹೂ ಕೊಟ್ಟಿದ್ದ ಕಡ್ಡಿ ಕಪ್ಪಾಗಿ ಒಣಗಿ ನಿಂತಿತ್ತು. ಕಸಿಯ ಗಂಟಿಗಿಂತ ಎರಡು ಬೆರಳು ಕೆಳಗೆ, ಮಣ್ಣಿಗೆ ತಾಗಿದ ಹಾಗೆ, ಬೇರೊಂದು ಚಿಗುರು ಎದ್ದು ಸೊಂಟದೆತ್ತರ ಬೆಳೆದಿತ್ತು. ತುದಿಯಲ್ಲಿ ಮೂರು ಹೂ. ಎಸಳು ತೆಳ್ಳಗೆ, ಮಧ್ಯ ಕೊಂಚ ಕೆದರಿಕೊಂಡು, ಬೆಳಿಗ್ಗೆ ಅರಳಿದ್ದು ಆಗಲೇ ಉದುರುವ ಅವಸರದಲ್ಲಿತ್ತು. ಬಗ್ಗಿ ಮೂಸಿದೆ. "ಮೋಸ ಅಲ್ಲ ಕಣೇ, ಇದು ನಮ್ಮಮ್ಮನ ಗಿಡ" ಎಂದೆ. ಅವಳು ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು, ಕೂರಿಸಿ ಕಾಫಿ ಕೊಟ್ಟು ಹೇಳಬೇಕಾದ ವಿಷಯ ಇದು ಎಂದು.

ನರ್ಸರಿಯಿಂದ ನಾವು ತರುವ ಗುಲಾಬಿ ಒಂದು ಗಿಡವಲ್ಲ, ಎರಡು. ಗೋದಾವರಿ ಸೀಮೆಯ ಕಡಿಯಂನಿಂದ ಲಾರಿ ಹತ್ತಿ ಬಂದದ್ದಾಗಲಿ, ಇಲ್ಲೇ ಕಸಿ ಕಟ್ಟಿದ್ದಾಗಲಿ, ಮೇಲೊಂದು ಜಾತಿ, ಕೆಳಗೊಂದು ಜಾತಿ. ಹೆಸರು, ಬಣ್ಣ, ಬೆಲೆ ಎಲ್ಲ ಮೇಲಿನದಕ್ಕೆ, ದುಡಿಮೆ ಕೆಳಗಿನದಕ್ಕೆ. ಮೇಲಿನದು ಸೋತ ದಿನ ಕೆಳಗಿನದು ತಲೆಯೆತ್ತುತ್ತದೆ. ಎಷ್ಟೋ ಗಿಡಗಳ ಬುಡದಲ್ಲಿರುವುದು ಮಲ್ಟಿಫ್ಲೋರಾ. ಪುಟ್ಟ ಪುಟ್ಟ ಬಿಳಿ ಹೂ ಗೊಂಚಲಾಗಿ ಬಂದರೆ ಅದೇ ಎಂದು ತಿಳಿಯಬಹುದು. ಈ ಹುಡುಗಿಯ ಕುಂಡದಲ್ಲಿ ಇದ್ದದ್ದು ಎಡ್ವರ್ಡ್ ರೋಸ್. ಹೂವಿನವರ ಬಾಯಲ್ಲಿ ಅದು ಪನ್ನೀರು ಗುಲಾಬಿ.

ಮಲ್ಲಿಗೆಗೆ ಹೆಸರಾದ ಮೈಸೂರಿನಲ್ಲಿದ್ದುಕೊಂಡು ಗುಲಾಬಿಯ ಹುಚ್ಚು ಹಿಡಿಸಿಕೊಂಡವರು ನಮ್ಮಪ್ಪ. ಆಫೀಸಿನಿಂದ ಬಂದವರು ಷರಟು ಬಿಚ್ಚುವ ಮೊದಲು ಪಾತಿಯ ಮುಂದೆ ನಿಲ್ಲುತ್ತಿದ್ದರು. ಮನೆಯ ಮುಂದಿನ ಅಂಗಳದಲ್ಲಿ ಗ್ಲಾಡಿಯೇಟರ್, ಸೂಪರ್ ಸ್ಟಾರ್, ಕ್ವೀನ್ ಎಲಿಜಬೆತ್, ಮಾಂಟೆಜೂಮಾ. ಒಂದೊಂದರ ಕೊರಳಿಗೂ ಅಲ್ಯುಮಿನಿಯಂ ತಗಡಿನ ಬಿಲ್ಲೆ. ಅದರ ಮೇಲೆ ಮೊಳೆಯಿಂದ ಕೊರೆದ ಹೆಸರು. ನಮಗೆ ಮಕ್ಕಳಿಗೆ ಅವುಗಳನ್ನು ಮುಟ್ಟುವ ಹಕ್ಕಿರಲಿಲ್ಲ. ಅಮ್ಮನಿಗೂ ಇರಲಿಲ್ಲ. ಹೂ ಎಂದರೆ ಗಿಡದಲ್ಲಿರಬೇಕು, ಇಲ್ಲವೇ ದಸರೆಯ ಫಲಪುಷ್ಪ ಪ್ರದರ್ಶನದ ಮೇಜಿನ ಮೇಲಿರಬೇಕು, ಮುಡಿಯುವುದು ಎಂದರೇನು ಎಂಬುದು ಅಪ್ಪನ ವಾದ.

ಆ ಪ್ರದರ್ಶನಕ್ಕಾಗಿ ಅವರು ಪಂಚಾಂಗ ಹಿಡಿದು ಹಿಂದಕ್ಕೆ ಲೆಕ್ಕ ಹಾಕುತ್ತಿದ್ದರು. ಸವರಿದ ಮೇಲೆ ನಮ್ಮ ಹವೆಯಲ್ಲಿ ಹೂ ಬರಲು ಸುಮಾರು 45 ದಿನ ಬೇಕು. ಹಾಗಾಗಿ ಶ್ರಾವಣದ ಮಳೆಯಲ್ಲಿ, ತಲೆಗೆ ಟವೆಲು ಕಟ್ಟಿಕೊಂಡು, ಹೊರಮುಖದ ಕಣ್ಣಿಗೆ ಕಾಲಿಂಚು ಮೇಲೆ ಓರೆಯಾಗಿ ಕತ್ತರಿ ಇಡುವ ಕೆಲಸ. ಕತ್ತರಿಸಿದ ತುದಿಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ಪೇಸ್ಟು. ಇಲ್ಲದಿದ್ದರೆ ಒಣಗು ತುದಿಯಿಂದ ಇಳಿಯುತ್ತಾ ಬಂದು ಗಿಡವನ್ನೇ ತಿನ್ನುತ್ತದೆ. ಮಳೆಯಲ್ಲಿ ಸವರಿದರೆ ಎಲೆಗೆ ಕಪ್ಪು ಚುಕ್ಕೆ ಬರುವುದು ಖಾತ್ರಿ ಎಂದು ಅವರಿಗೂ ಗೊತ್ತಿತ್ತು. ಆದರೆ ದಸರೆ ಗಿಡದ ಅನುಕೂಲ ನೋಡಿ ಬರುವುದಿಲ್ಲವಲ್ಲ. ಗೊಬ್ಬರದ ಕಥೆ ಬೇರೆ. ಮೂಳೆಪುಡಿಯನ್ನು ಅಜ್ಜಿಯ ಕಣ್ಣು ತಪ್ಪಿಸಿ ತರಬೇಕಿತ್ತು. ಸೌದೆ ಕೊಟ್ಟಿಗೆಯ ಡಬ್ಬವೊಂದರ ಮೇಲೆ 'ಹೊಂಗೆ ಹಿಂಡಿ' ಎಂದು ಬರೆದಿತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಮೂಗು ಚೆನ್ನಾಗಿತ್ತು. ಆ ಡಬ್ಬದ ಹತ್ತಿರ ಅವರು ಸುಳಿಯುತ್ತಿರಲಿಲ್ಲ.

ಎಲ್ಲಕ್ಕಿಂತ ಮೇಲಿನ ಪೀಠ ಪೀಸ್ ಗುಲಾಬಿಗೆ. ಹಳದಿ ಹೂ, ಎಸಳಿನ ಅಂಚಿಗೆ ನಸುಗೆಂಪು. ಮನೆಗೆ ಬಂದ ಯಾರೂ ಅದರ ಪುರಾಣ ಕೇಳದೆ ಹೋಗುವಂತಿರಲಿಲ್ಲ. ಫ್ರಾನ್ಸಿನ ಫ್ರಾನ್ಸಿಸ್ ಮೆಯಾಂ ಬೆಳೆಸಿದ ಆ ಗಿಡ ಯುದ್ಧ ಶುರುವಾಗುವ ಹೊತ್ತಿಗೆ ಅಮೆರಿಕ ಸೇರಿತ್ತು. 1945ರಲ್ಲಿ, ಬರ್ಲಿನ್ ಬೀಳುವ ಕಾಲಕ್ಕೆ, ಅದಕ್ಕೆ ಅಲ್ಲಿ ಶಾಂತಿಯ ಹೆಸರಿಟ್ಟರು. ವಿಶ್ವಸಂಸ್ಥೆ ಕಟ್ಟಲು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿದ ನಿಯೋಗಗಳ ಮುಖ್ಯಸ್ಥರಿಗೆ ಹೋಟೆಲ್ ಕೋಣೆಯಲ್ಲಿ ಒಂದೊಂದು ಪೀಸ್ ಹೂ ಇಟ್ಟರಂತೆ. ಇಲ್ಲಿ ಅಪ್ಪ ಸ್ವಲ್ಪ ನಿಲ್ಲಿಸುತ್ತಿದ್ದರು. "ನಮ್ಮ ನಿಯೋಗದ ಮುಖ್ಯಸ್ಥರು ಯಾರು ಹೇಳಿ? ಅರ್ಕಾಟ್ ರಾಮಸ್ವಾಮಿ ಮೊದಲಿಯಾರ್! ಮರುವರ್ಷ ಮೈಸೂರಿಗೆ ದಿವಾನರಾಗಿ ಬಂದವರು!" ಅಂದರೆ ನಮ್ಮ ಅಂಗಳದ ಪೀಸ್ ಗಿಡಕ್ಕೂ ಮೈಸೂರು ಸಂಸ್ಥಾನಕ್ಕೂ ರಾಜತಾಂತ್ರಿಕ ಸಂಬಂಧವಿದೆ ಎಂದು ತಾತ್ಪರ್ಯ. ದಿವಾನರು ಆ ಹೂವನ್ನು ಕಣ್ಣೆತ್ತಿ ನೋಡಿದರೋ ಇಲ್ಲವೋ ಎಂದು ಕೇಳಿದ ನಮ್ಮ ಸೋದರಮಾವನಿಗೆ ಆಮೇಲೆ ಆ ಪುರಾಣ ಹೇಳುವುದನ್ನೇ ಅಪ್ಪ ಬಿಟ್ಟುಬಿಟ್ಟರು. ಮಾವ ಅದನ್ನು ಶಿಕ್ಷೆ ಎಂದು ತಿಳಿದ ಹಾಗೆ ಕಾಣಲಿಲ್ಲ.

ಅಮ್ಮನ ಗಿಡ ಇದ್ದದ್ದು ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಬಿಲ್ಲೆ ಇಲ್ಲ, ಪಾತಿ ಇಲ್ಲ, ಬೋರ್ಡೊ ಇಲ್ಲ. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ಬಟ್ಟೆಯ ನೀಲಿ ನೀರು, ಏನು ಬಿದ್ದರೂ ಕುಡಿದುಕೊಂಡು ಗೋಡೆಯೆತ್ತರ ಬೆಳೆದಿತ್ತು. ದೇವರಿಗೆ ಅದೇ, ಮುಡಿಗೆ ಅದೇ. ಹೂ ಹೆಚ್ಚಾದ ತಿಂಗಳಲ್ಲಿ ಎಸಳು ಬಿಡಿಸಿ, ಒಂದು ಪದರ ಎಸಳು ಒಂದು ಪದರ ಸಕ್ಕರೆಯಂತೆ ಗಾಜಿನ ಜಾಡಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡುತ್ತಿದ್ದಳು. ಸಕ್ಕರೆ ಕರಗಿ, ಎಸಳು ಬಾಡಿ, ಎರಡೂ ಸೇರಿ ಕಂದಾಗುವ ಹೊತ್ತಿಗೆ ಜಾಡಿಯ ಮಟ್ಟ ಅರ್ಧಕ್ಕೆ ಇಳಿದಿರುತ್ತಿತ್ತು. ಅಷ್ಟೂ ಬಿಸಿಲಿನ ಕೆಲಸವಲ್ಲ. ನಮ್ಮ ಬೆರಳುಗಳ ಪಾಲೂ ಇತ್ತು. ಅಪ್ಪನ ಗಿಡಗಳಲ್ಲಿ ಒಂದರಿಂದಲೂ ಗುಲ್ಕನ್ ಮಾಡಿದ್ದನ್ನು ನಾನು ಕಾಣೆ. ಮಾಡಿದ್ದರೂ ರುಚಿಯಾಗುತ್ತಿರಲಿಲ್ಲ ಎಂದೇ ನನ್ನ ಹಟ.

ಈ ಎರಡು ರಾಜ್ಯಗಳ ನಡುವೆ ವ್ಯವಹಾರವಿದ್ದದ್ದು ಒಂದೇ ವಿಷಯದಲ್ಲಿ. ಮಳೆಗಾಲದ ಶುರುವಿನಲ್ಲಿ ಅಪ್ಪ ಹಿತ್ತಿಲಿಗೆ ಬಂದು, ಕೈಯಲ್ಲಿ ಕತ್ತರಿ ಹಿಡಿದು, ಬೇರೆಲ್ಲೋ ನೋಡುತ್ತಾ ನಿಲ್ಲುತ್ತಿದ್ದರು. ಅಮ್ಮ, "ಎಷ್ಟು ಕಡ್ಡಿ ಬೇಕು ಹೇಳಿ" ಎನ್ನುತ್ತಿದ್ದಳು. ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕತ್ತರಿಸಿ ನೆಟ್ಟರೆ ಚಳಿಗಾಲದ ಹೊತ್ತಿಗೆ ಬೇರು ಬಿಟ್ಟು ಕಸಿಗೆ ಸಿದ್ಧ. ಆಗ ಅಪ್ಪನ ಕೈ ನೋಡಬೇಕಿತ್ತು. ಕಡ್ಡಿಯ ತೊಗಟೆಯ ಮೇಲೆ ಇಂಗ್ಲಿಷಿನ ಟಿ ಅಕ್ಷರದಂಥ ಸೀಳು. ಚಾಕುವಿನ ಹಿಂಬದಿಯಿಂದ ತೊಗಟೆಯನ್ನು ಎರಡೂ ಕಡೆ ಮೆಲ್ಲಗೆ ಬಿಡಿಸುವುದು. ಗ್ಲಾಡಿಯೇಟರಿನ ಕಡ್ಡಿಯಿಂದ ಕೆತ್ತಿದ ಒಂದೇ ಒಂದು ಕಣ್ಣನ್ನು, ಎಲೆತೊಟ್ಟಿನ ಚೂರು ಹಿಡಿದು, ಆ ಸೀಳಿನೊಳಗೆ ಮೇಲಿನಿಂದ ಇಳಿಸುವುದು. ಕಣ್ಣು ಮಾತ್ರ ಹೊರಗೆ ಕಾಣುವ ಹಾಗೆ ಪಟ್ಟಿ ಸುತ್ತುವುದು. ಅಷ್ಟು ಹೊತ್ತೂ ಅವರು ಉಸಿರು ಬಿಡುತ್ತಿರಲಿಲ್ಲ. ವಾರ ಕಳೆದ ಮೇಲೆ ತೊಟ್ಟಿನ ಚೂರು ಬೆರಳು ತಾಗಿಸಿದೊಡನೆ ಸಲೀಸಾಗಿ ಉದುರಿದರೆ ಕಸಿ ಹಿಡಿದಿದೆ, ಒಣಗಿ ಅಂಟಿಕೊಂಡಿದ್ದರೆ ಸತ್ತಿದೆ. ಹಿಡಿದ ದಿನ ಮನೆಯಲ್ಲಿ ಎಲ್ಲರಿಗೂ ಎರಡನೇ ಲೋಟ ಕಾಫಿ.

ಅಂಥ ಒಂದು ಗಿಡ ಪ್ರದರ್ಶನದಲ್ಲಿ ಬಹುಮಾನ ಪಡೆದು ಬಂದಾಗ ಅಮ್ಮ ಆಡಿದ ಮಾತು ನಮ್ಮ ಮನೆಯಲ್ಲಿ ಗಾದೆಯಾಯಿತು: "ಕಾಲು ನನ್ನ ಗಿಡದ್ದು, ಹೆಸರು ನಿಮ್ಮ ಗಿಡದ್ದು."

ಎಡ್ವರ್ಡ್ ಎಂದರೆ ಚಕ್ರವರ್ತಿ ಏಳನೇ ಎಡ್ವರ್ಡ್ ಎಂದೇ ಅಪ್ಪ ಕೊನೆವರೆಗೂ ನಂಬಿದ್ದರು. ಕಿರೀಟವಿಲ್ಲದ ಬೋಳುತಲೆಯ ಅವನ ಬೆಳ್ಳಿ ರೂಪಾಯಿ ಅಜ್ಜಿಯ ಪೆಟ್ಟಿಗೆಯಲ್ಲಿತ್ತು. ಅದನ್ನೇ ಸಾಕ್ಷಿಯಾಗಿ ತೋರಿಸುತ್ತಿದ್ದರು. ಅಪ್ಪ ಹೋದ ಬಹಳ ವರ್ಷಗಳ ಮೇಲೆ ನನಗೆ ಗೊತ್ತಾಯಿತು, ಆ ಗಿಡ ಚಕ್ರವರ್ತಿ ಹುಟ್ಟುವುದಕ್ಕೆ ಮೊದಲೇ ಇತ್ತು ಎಂದು. ಅದರ ತವರು ಮಡಗಾಸ್ಕರಿನ ಪೂರ್ವಕ್ಕಿರುವ ಒಂದು ಫ್ರೆಂಚ್ ದ್ವೀಪ. ಪ್ಯಾರಿಸ್ಸಿನಲ್ಲಿ ಸರ್ಕಾರ ಉರುಳಿದಾಗಲೆಲ್ಲ ಆ ದ್ವೀಪದ ಹೆಸರೂ ಬದಲಾಗುತ್ತಿತ್ತು: ಬೂರ್ಬೊನ್, ರಿಯೂನಿಯನ್, ಬೊನಾಪಾರ್ಟ್, ಮತ್ತೆ ಬೂರ್ಬೊನ್, 1848ರಿಂದ ಮತ್ತೆ ರಿಯೂನಿಯನ್. ಪುದುಚೇರಿ, ಕಾರೈಕಲ್ ಕಡೆಯ ಎಷ್ಟೋ ಜನ ಕಬ್ಬಿನ ಗದ್ದೆಯ ಕೂಲಿಗೆಂದು ಹಡಗು ಹತ್ತಿ ಹೋದದ್ದು ಅಲ್ಲಿಗೇ. ಆ ದ್ವೀಪದ ರೈತರು ಹೊಲಕ್ಕೆ ಗುಲಾಬಿಯ ಬೇಲಿ ಹಾಕುತ್ತಿದ್ದರು. ನಮ್ಮಲ್ಲಿ ಕತ್ತಾಳೆ, ಕಳ್ಳಿ ಹಾಕುವ ಜಾಗದಲ್ಲಿ ಗುಲಾಬಿ! ಅದೂ ಎರಡು ಬಗೆ. ಒಂದು ಪಶ್ಚಿಮದಿಂದ ಬಂದ, ಪರಿಮಳವೇ ಪ್ರಾಣವಾದ ಡಮಾಸ್ಕ್. ಇನ್ನೊಂದು ಚೀನಾದಿಂದ ಬಂದ, ವರ್ಷವಿಡೀ ಹೂ ಬಿಡುವ ತಿಳಿಗೆಂಪು ಗಿಡ. ಇವೆರಡೂ ಬೇಲಿಯಲ್ಲಿ ಹೆಗಲು ತಾಗಿಸಿ ನಿಂತದ್ದರಿಂದ ಯಾವ ವಿಜ್ಞಾನಿಯ ಅಪ್ಪಣೆಯೂ ಇಲ್ಲದೆ ಹುಟ್ಟಿದ್ದು ನಮ್ಮಮ್ಮನ ಗಿಡ. ಗುಲಾಬಿ ಚರಿತ್ರೆ ಬರೆದವರು ಹೇಳುವಂತೆ, ಬೇಲಿಗೆಂದು ತಂದ ಸಸಿಗಳಲ್ಲಿ ಒಂದು ಮಾತ್ರ ಬೇರೆ ಥರ ಇದೆಯಲ್ಲ ಎಂದು ಗಮನಿಸಿ, ಕೀಳದೆ ಬೆಳೆಯಬಿಟ್ಟವನು ಎದುವಾರ್, ಅಂದರೆ ಫ್ರೆಂಚರ ಎಡ್ವರ್ಡ್, ಎದುವಾರ್ ಪೆರಿಶೋಂ ಎಂಬ ಜಮೀನುದಾರ.

ನನಗೆ ಆ ಮನುಷ್ಯನ ಮೇಲೆ ಅಪಾರ ಗೌರವ. ಬೇಲಿ ಹಾಕುವವನಿಗೆ ಎಷ್ಟು ಅವಸರವಿರುತ್ತದೆ ಎಂದು ಹೊಲವಿದ್ದವರಿಗೆ ಗೊತ್ತು. ಆಳುಗಳು ಕಾಯುತ್ತಿರುತ್ತಾರೆ, ದನ ನುಗ್ಗುತ್ತಿರುತ್ತದೆ, ಮಳೆ ಬರುವುದರಲ್ಲಿರುತ್ತದೆ. ಅಂಥ ಹೊತ್ತಿನಲ್ಲಿ ಕೈಯಲ್ಲಿರುವ ಮುಳ್ಳುಸಸಿಯನ್ನು ತಿರುಗಿಸಿ ನೋಡಿ "ಇರಲಿ, ಇದನ್ನು ಬಿಡಿ" ಎಂದು ಪಕ್ಕಕ್ಕಿಡುವುದಕ್ಕೆ ಒಂದು ಬಗೆಯ ನಿಧಾನ ಬೇಕು. 1817ರಲ್ಲಿ ಸಸ್ಯೋದ್ಯಾನದ ಕೆಲಸಕ್ಕೆಂದು ಅಲ್ಲಿಗೆ ಬಂದ ಬ್ರೆಯೋನ್ ಅದನ್ನು ಕಂಡು, 1819ರಲ್ಲಿ ಅದರ ಬೀಜವನ್ನು ಓರ್ಲಿಯನ್ಸ್ ಡ್ಯೂಕನ ತೋಟಗಾರ ಜಾಕ್‌ಗೆ ಕಳಿಸಿದ. ಅಲ್ಲಿಂದ ಮುಂದೆ ಬೂರ್ಬೊನ್ ಗುಲಾಬಿಗಳ ವಂಶವೇ ಬೆಳೆಯಿತು. ಆ ವಂಶ ಬೇರೆ ವಂಶಗಳೊಡನೆ ಕೂಡಿ, 1867ರಲ್ಲಿ ಲಿಯೋನ್ ನಗರದ ಗಿಯೊ ಎಂಬಾತನ ತೋಟದಲ್ಲಿ ಲಾ ಫ್ರಾನ್ಸ್ ಅರಳಿತು. ಮೊದಲ ಹೈಬ್ರಿಡ್ ಟೀ ಎಂದು ಲೋಕ ಒಪ್ಪಿಕೊಂಡದ್ದು ಅದನ್ನೇ. ಗ್ಲಾಡಿಯೇಟರ್, ಸೂಪರ್ ಸ್ಟಾರ್, ದಿವಾನರ ಪೀಸ್ ಎಲ್ಲವೂ ಆ ಸಾಲಿನವೇ. ಅಂದರೆ ಅಪ್ಪ ಅಷ್ಟು ವರ್ಷ ಉಸಿರು ಬಿಗಿಹಿಡಿದು ಮಾಡುತ್ತಿದ್ದದ್ದು ಮೊಮ್ಮಕ್ಕಳನ್ನು ಅಜ್ಜಿಯ ಹೆಗಲಿಗೆ ಹತ್ತಿಸುವ ಕೆಲಸ.

ಇದನ್ನು ಅಮ್ಮನಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅದರ ಗಟ್ಟಿತನ ನೋಡಿದ್ರೇ ಗೊತ್ತಾಗ್ತಿತ್ತಲ್ಲ. ನಿಮ್ಮಪ್ಪನಿಗೆ ಹೇಳೋರ್ಯಾರು?"

ಉತ್ತರ ಭಾರತದಲ್ಲಿ ಚೈತಿ ಗುಲಾಬ್ ಎಂಬ ಡಮಾಸ್ಕ್ ಜಾತಿಯಿದೆ. ಸುಗಂಧದಲ್ಲಿ ಅದನ್ನು ಮೀರಿಸಿದ್ದಿಲ್ಲ ಎನ್ನುತ್ತಾರೆ, ಇರಬಹುದು. ಆದರೆ ಹೆಸರೇ ಹೇಳುವ ಹಾಗೆ ಅದರ ಸುಗ್ಗಿ ಚೈತ್ರದಲ್ಲಿ ಮಾತ್ರ. ನಮ್ಮದು ಹಾಗಲ್ಲ. ಶುಕ್ರವಾರಕ್ಕೂ ಇದೆ, ವರಮಹಾಲಕ್ಷ್ಮಿಗೂ ಇದೆ, ಯಾರೂ ಸವರದ ವರ್ಷವೂ ಇದೆ. ಮಂಡಿ ನೋವು ಬಂದು ಅಪ್ಪ ಕುಕ್ಕರುಗಾಲಿನಲ್ಲಿ ಕೂರಲಾರದೆ ಹೋದ ಮೇಲೆ ಮುಂದಿನ ಅಂಗಳದ ಗಿಡಗಳು ಒಂದೊಂದಾಗಿ ತುದಿಯಿಂದ ಒಣಗಿದವು. ಪೀಸ್ ಮೊದಲು ಹೋಯಿತು. ಬುಡಗಳು ಮಾತ್ರ ಸಾಯಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಗಳವೆಲ್ಲ ಪನ್ನೀರು ಗುಲಾಬಿ. ಒಂದರ ಕೊರಳಲ್ಲಿ 'ಗ್ಲಾಡಿಯೇಟರ್' ಎಂಬ ಬಿಲ್ಲೆ, ಇನ್ನೊಂದರಲ್ಲಿ 'ಮಾಂಟೆಜೂಮಾ'. ಅಪ್ಪ ಬಿಲ್ಲೆಗಳನ್ನು ತೆಗೆಯಲು ಬಿಡಲಿಲ್ಲ. ಆದರೆ ಬೆಳಿಗ್ಗೆ ಪೂಜೆಗೆ ಹೂ ಬಿಡಿಸಿ ತರುವ ಕೆಲಸವನ್ನು ಯಾರೂ ಹೇಳದೆಯೇ ಅವರು ವಹಿಸಿಕೊಂಡರು.

ಮೇಲಿನ ಮನೆಯ ಹುಡುಗಿಗೆ ಇಷ್ಟನ್ನೂ ಹೇಳಲಿಲ್ಲ; ಅವಳಿಗೆ ಆಫೀಸಿತ್ತು. ಕೆಲಸಕ್ಕೆ ಬರುವಷ್ಟು ಹೇಳಿದೆ. ಏಳೆಲೆ ಇದ್ದರೆ ಕಾಡು, ಐದೆಲೆ ಇದ್ದರೆ ಊರು ಎಂದು ಎಲ್ಲರೂ ಹೇಳುವ ಸೂತ್ರವನ್ನು ನಂಬಬೇಡ, ಎರಡರಲ್ಲೂ ಎರಡೂ ಬರುತ್ತದೆ. ಚಿಗುರು ಕಸಿಯ ಗಂಟಿನ ಕೆಳಗಿನಿಂದ ಎದ್ದಿದೆಯೋ ಮೇಲಿನಿಂದಲೋ ಅಷ್ಟನ್ನೇ ನೋಡು. ಮೇಲಿನ ಜಾತಿಯೇ ಬೇಕಾದರೆ ಬುಡದ ಚಿಗುರನ್ನು ಎಳೆಯದಾಗಿರುವಾಗಲೇ ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಎಳೆದು ಕೀಳಬೇಕು. ಕತ್ತರಿ ಹಾಕಿದರೆ ಒಂದರ ಜಾಗದಲ್ಲಿ ನಾಲ್ಕು ಬರುತ್ತವೆ. ಮೇಲಿನದು ಆಗಲೇ ಸತ್ತಿದ್ದರೆ ಒಣಕಡ್ಡಿ ತೆಗೆದು ಕೆಳಗಿನದಕ್ಕೆ ಜಾಗ ಮಾಡಿಕೊಡು.

ನಿಮ್ಮ ಮನೆಯಲ್ಲಿ ಮೊಣಕಾಲುದ್ದದ ಕುಂಡವಿಡುವಷ್ಟು ಬಿಸಿಲು ಇದ್ದರೆ ಒಂದು ಪನ್ನೀರು ಗುಲಾಬಿ ಹಾಕಿ. ನರ್ಸರಿಯಲ್ಲಿ ಕೇಳಬೇಡಿ, ಹೆಸರಿನ ಚೀಟಿಯಿರುವ ಗಿಡವನ್ನೇ ಕೊಡುತ್ತಾರೆ. ಹೂ ಕಟ್ಟಿ ಮಾರುವವರನ್ನು ಕೇಳಿ, ಇಲ್ಲವೇ ಹಳೆಯ ಹಿತ್ತಿಲಿರುವ ನೆಂಟರನ್ನು. ಜೂನ್ ಮಳೆ ಹಿಡಿದ ಮೇಲೆ ಗೇಣುದ್ದದ ಬಲಿತ ಕಡ್ಡಿ, ಮೂರು ಕಣ್ಣು ಮಣ್ಣೊಳಗೆ, ಎರಡು ಕಣ್ಣು ಹೊರಗೆ. ಕಸಿ ಬೇಡ, ಅದಕ್ಕೆ ಅದರದೇ ಕಾಲಿದೆ.