ಧೋತ್ರಕ್ಕೆ ನೀಲಿ

ನಮ್ಮ ಮನೆಯವರದು ದಿನಾ ಬಿಳಿ ಧೋತ್ರ. ಬಬಲೇಶ್ವರದ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವವಳು ಸೊಸೆ. ಕೊನೆಗೆ ಬಕೆಟ್ಟಿಗೆ ನೀಲಿ ಹಾಕುವವಳು ಮಾತ್ರ ನಾನೇ. ಎರಡು ವರ್ಷಗಳಿಂದ ಎಷ್ಟು ನೀಲಿ ಹಾಕಿದರೂ ಧೋತ್ರ ನನಗೆ ಬೆಳ್ಳಗೆ ಕಾಣುತ್ತಿರಲಿಲ್ಲ. "ನಿಮ್ಮ ತಿಕೋಟಾದಾಗ ಹಿಂಗಽ ಒಗೀತಾರೇನು?" ಎಂದು ಸೊಸೆಯ ತವರನ್ನೂ ಎಳೆದು ತರುತ್ತಿದ್ದೆ. ಆಕೆ ಎದುರು ಮಾತಾಡದೆ ಇನ್ನೊಮ್ಮೆ ಒಗೆಯುತ್ತಿದ್ದಳು.

ಕಳೆದ ತಿಂಗಳು ವಿಜಯಪುರದಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನದು ಇನ್ನೂ ಬಾಕಿ. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದರೆ ಅಂಗಳದ ಹಗ್ಗದ ಮೇಲೆ ತಿಳಿನೀಲಿ ಬಟ್ಟೆಯೊಂದು ಒಣಗುತ್ತಿತ್ತು.

"ಯಾರದಿದು?"

"ಅಜ್ಜಾಂದು, ಆಯಿ. ಯಾವಾಗ್ಲೂ ಹಿಂಗಽ ಇರ್ತದ," ಎಂದಳು ಏಳನೇ ತರಗತಿಯ ಮೊಮ್ಮಗಳು. ಜಗಳ ಬೇಡವೆಂದು ನಮ್ಮ ಮನೆಯವರು ಸುಮ್ಮನೆ ಉಡುತ್ತಿದ್ದರಂತೆ!

"ಒಂದೊಂದಽ ಕಣ್ಣು ಮುಚ್ಚಿ ನೋಡು, ಆಯಿ," ಎಂದಳು. ಬಲಗಣ್ಣಿಗೆ ಧೋತ್ರ ನೀಲಿ. ಎಡಗಣ್ಣಿಗೆ ಅದೇ ಧೋತ್ರ ಮಾಸಿದ ಬಿಳಿ. ಆಮೇಲೆ ಹಳದಿ ಜಿಲೇಟಿನ್ ಹಾಳೆಯೊಂದನ್ನು ತಂದು ಬಲಗಣ್ಣಿನ ಮುಂದೆ ಹಿಡಿದಳು. ನೀಲಿ ಮಾಯ!

ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ಹಳದಿ ಹಾಳೆ ಅದರ ನೀಲಿ ಭಾಗವನ್ನು ತಡೆದು ಉಳಿದುದನ್ನು ಬಿಡುತ್ತದೆ. ವಯಸ್ಸಾದಂತೆ ಹಳದಿಯಾಗುವ ಕಣ್ಣಿನ ಮಸೂರವೂ ಹಾಗೆಯೇ ಮಾಡುತ್ತದೆ. ಹಳೆಯ ಬಿಳಿ ಬಟ್ಟೆ ಕೂಡ ನೀಲಿ ಬೆಳಕನ್ನು ಸ್ವಲ್ಪ ನುಂಗಿ ಹಳದಿಯಾಗಿ ಕಾಣುತ್ತದೆ. ನಾವು ಹಾಕುವ ನೀಲಿ ಕೆಂಪು, ಹಳದಿ ಭಾಗವನ್ನು ಸ್ವಲ್ಪ ನುಂಗಿ ಅದನ್ನು ಸರಿದೂಗಿಸುತ್ತದೆ. ಹೆಚ್ಚಾದರೆ ಬಟ್ಟೆಯೇ ನೀಲಿ. ಆ ನೀಲಿ ನನ್ನ ಕಣ್ಣೊಳಗೆ ಇಳಿಯುತ್ತಲೇ ಇರಲಿಲ್ಲ. ಅದಕ್ಕೇ ಮುಚ್ಚಳದ ಮೇಲೆ ಮುಚ್ಚಳ ಸುರಿದಿದ್ದೆ.

ಫ್ರಾನ್ಸಿನ ದೊಡ್ಡ ಚಿತ್ರಕಾರ ಕ್ಲೋಡ್ ಮೊನೆಗೂ ಪೊರೆ ಬಂದು ಬಣ್ಣಗಳು ತಪ್ಪಿ ಕಾಣುತ್ತಿದ್ದವು. 1923ರಲ್ಲಿ ಅವರಿಗೂ ಬಲಗಣ್ಣಿನ ಶಸ್ತ್ರಚಿಕಿತ್ಸೆಯೇ ಆಯಿತು. ಇದನ್ನು ಹೇಳಿ ಮೊಮ್ಮಗಳು ನನ್ನನ್ನು ಸಮಾಧಾನಪಡಿಸಿದಳು. ಆದರೆ ಮೊನೆ ತಮ್ಮ ಸೊಸೆಗೆ ಬೈದಿದ್ದರೋ ಇಲ್ಲವೋ!

ಸಂಜೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಹತ್ತಿರ ಕುಳಿತು, "ನೀ ಚಲೋನಽ ಒಗೀತಿದ್ದಿ, ನಮ್ಮವ್ವ. ಹಳದಿ ಇದ್ದದ್ದು ನನ್ನ ಕಣ್ಣಾಗ. ಸುಮ್ಮಸುಮ್ಮನಽ ನಿನ್ನ ತವರಿನ ಹೆಸರು ತೆಗದೆ," ಎಂದೆ.

ಆಕೆ ತಲೆ ಎತ್ತಲಿಲ್ಲ. ರೊಟ್ಟಿ ಹಂಚಿಗೆ ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇರ್ಲಿ ಬಿಡ್ರಿ, ಅತ್ತಿ. ಎಡಗಣ್ಣಿಂದೂ ಆಗೂತನಕ ನೀಲಿ ಬಾಟ್ಲಿ ಮಾತ್ರ ನನ್ನ ಕೈಯಾಗಿರ್ಲಿ."