ಮತ್ಸ್ಯಕನ್ಯೆಯ ನಾಲಿಗೆ

ಸಾಂಗಲಿಯ ಸಂಸ್ಥಾನಿಕರಾದ ಚಿಂತಾಮಣರಾವ್ ಪಟವರ್ಧನರ ಎದುರಿಗೆ 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳವೊಂದು ಆಟವಾಡಿತು. ಅದನ್ನು ಕಂಡು ಮೆಚ್ಚಿದ ದೊರೆಗಳು ಮರಾಠಿಯಲ್ಲಿಯೂ ಅಂಥದೊಂದು ಆಟ ಆಗಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂದಿತು. ಈ ಸಂಗತಿಯನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಒಂದು ಕಥೆ ಒಂದು ನುಡಿಯಿಂದ ಇನ್ನೊಂದು ನುಡಿಗೆ, ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಹೋಗುವಾಗ ಏನನ್ನು ಹೊತ್ತೊಯ್ಯುತ್ತದೆ, ಏನನ್ನು ಹಿಂದೆ ಬಿಡುತ್ತದೆ ಎಂಬ ವಿಚಾರವು ಆದ್ದರಿಂದ ಗಡಿನಾಡಿನ ನಮಗೆ ಹೊಸದೇನೂ ಅಲ್ಲ. ಆ ವಿಚಾರವನ್ನೇ ದೂರದ ಡೆನ್ಮಾರ್ಕ್ ದೇಶದ ಒಂದು ಮಕ್ಕಳ ಕಥೆಯ ನೆಪದಿಂದ ಸಂಘದ ಬಂಧುಗಳೆದುರು ಇಡಬೇಕೆಂಬುದು ನಮ್ಮ ಆಶಯ.

ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಎಂಬಾತ ಚಮ್ಮಾರನ ಮಗ. ತಾಯಿ ಊರವರ ಬಟ್ಟೆ ಒಗೆದು ಬದುಕಿದವಳು. 1805ರಲ್ಲಿ ಓಡೆನ್ಸ್ ಎಂಬ ಊರಿನಲ್ಲಿ ಹುಟ್ಟಿದ ಈತ 1837ರಲ್ಲಿ ಮತ್ಸ್ಯಕನ್ಯೆಯ ಕಥೆಯನ್ನು ಪ್ರಕಟಿಸಿದನು. ಸಮುದ್ರರಾಜನ ಕಿರಿಯ ಮಗಳು ಬಿರುಗಾಳಿಗೆ ಸಿಕ್ಕ ಹಡಗಿನಿಂದ ರಾಜಕುಮಾರನೊಬ್ಬನನ್ನು ಬದುಕಿಸಿ ದಡಕ್ಕೆ ಸೇರಿಸುತ್ತಾಳೆ. ಅವನಿಗೆ ಅದರ ಅರಿವಿಲ್ಲ. ಅವನ ಲೋಕವನ್ನು ಸೇರುವ ಹಂಬಲದಿಂದ ಆಕೆ ಕಡಲ ಮಾಟಗಾತಿಯ ಬಳಿಗೆ ಹೋಗುತ್ತಾಳೆ. ಕಾಲು ಬೇಕಾದರೆ ಕಂಠವನ್ನು ಕೊಡಬೇಕು. ನಾಲಿಗೆಯನ್ನೇ ಕತ್ತರಿಸಿ ಕೊಡಬೇಕು. ಹಾಗೆ ಪಡೆದ ಕಾಲುಗಳಿಂದ ಇಡುವ ಒಂದೊಂದು ಹೆಜ್ಜೆಯೂ ಚೂರಿಯ ಅಲಗಿನ ಮೇಲೆ ನಡೆದಂತೆ. ನೀನಾರೆಂದು ರಾಜಕುಮಾರ ಕೇಳುತ್ತಾನೆ. ಹೇಳಲು ಆಕೆಗೆ ಬಾಯಿಲ್ಲ. ತನ್ನನ್ನು ಬದುಕಿಸಿದವಳು ಬೇರೊಬ್ಬಳೆಂದು ನಂಬಿ ಅವಳನ್ನೇ ಅವನು ವರಿಸುತ್ತಾನೆ. ಅಕ್ಕಂದಿರು ತಮ್ಮ ಕೇಶರಾಶಿಯನ್ನು ಮಾಟಗಾತಿಗೆ ಕೊಟ್ಟು ಒಂದು ಚೂರಿ ತರುತ್ತಾರೆ: ಇವನನ್ನು ಇರಿ, ಮರಳಿ ಮೀನಾಗು. ಆಕೆ ಮಲಗಿದ್ದವನನ್ನು ನೋಡಿ, ಚೂರಿಯನ್ನು ಕಡಲಿಗೆ ಎಸೆದು, ತಾನೂ ಹಾರಿ, ನೊರೆಯಾಗುತ್ತಾಳೆ. ಆಮೇಲೆ ವಾಯುಕನ್ಯೆಯರ ಸಾಲಿಗೆ ಸೇರಿದಳೆಂದು, 300 ವರ್ಷಗಳ ಸತ್ಕಾರ್ಯದಿಂದ ಆಕೆಗೂ ಅಮರವಾದ ಆತ್ಮ ದೊರೆಯಬಹುದೆಂದು ಆಂಡರ್ಸನ್ ಕೊನೆಗೆ ಒಂದು ಸಮಾಧಾನ ಹೇಳುತ್ತಾನೆ.

ಶಿಕ್ಷಕ ವೃತ್ತಿಯಲ್ಲಿದ್ದಾಗ ನಾವು ಈ ಕಥೆಯನ್ನು ಮಳೆಗಾಲದ ಮಧ್ಯಾಹ್ನಗಳಲ್ಲಿ, ಹಾಜರಿ ಕಡಿಮೆಯಿದ್ದ ದಿನ, ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂಡಿಸಿ ಹೇಳುತ್ತಿದ್ದೆವು. ನಮ್ಮ ಮಿರಜ ತಾಲೂಕಿನ ಪೂರ್ವಭಾಗದ ಮಕ್ಕಳು ಸಮುದ್ರ ಕಂಡವರಲ್ಲ. ಮಳೆಗೇ ಬಾಯಿ ತೆರೆದು ಕಾಯುವ ಸೀಮೆ ಇದು. ಆದರೂ ಕಥೆಯಲ್ಲಿ ಅವರು ಮುಳುಗಿ ಏಳುತ್ತಿದ್ದರು. ಒಂದು ಸಲ ಕೊನೆಯ ಸಾಲಿನಲ್ಲಿ ಕುಳಿತಿದ್ದ ಬಾಲಕಿಯೊಬ್ಬಳು ಎದ್ದು ನಿಂತು, “ನಾಲಿಗಿ ಇಲ್ಲಂದ್ರ ಏನಾತ್ರಿ ಗುರುಗಳ, ಕೈ ಇದ್ದುವಲ್ಲ? ಆಕಿ ಬರದು ತೋರಸಬೌದಿತ್ತಲ್ಲ?” ಎಂದು ಕೇಳಿದಳು. ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಅಕ್ಷರ ಕಲಿಸುವುದನ್ನೇ ಬಾಳಿನ ಕೆಲಸವೆಂದು ಹಿಡಿದವನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನಾವುದಿದ್ದೀತು? ಆಕೆ ಕಡಲ ತಳದಲ್ಲಿ ಅಕ್ಷರ ಕಲಿತಿರಲಿಲ್ಲ ಎಂದು ಉತ್ತರ ಕೊಟ್ಟೆವು. ಬಾಲಕಿ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ಕಲಸಬೇಕಿತ್ತು” ಎಂದು ಕುಳಿತುಬಿಟ್ಟಳು.

ನಿವೃತ್ತಿಯ ಬಳಿಕ ಈ ಕಥೆಯ ಚಲನಚಿತ್ರ ರೂಪಗಳನ್ನು ಮೊಮ್ಮಕ್ಕಳ ಜೊತೆಗೆ ಕುಳಿತು ನೋಡುವಾಗ ಆ ಮಾತೇ ನಮ್ಮ ಅಳತೆಗೋಲಾಯಿತು. 1989ರ ಡಿಸ್ನಿ ಸಂಸ್ಥೆಯ ಚಿತ್ರವನ್ನೇ ಮೊದಲು ನೋಡಿದೆವು. ಜಾನ್ ಮಸ್ಕರ್ ಮತ್ತು ರಾನ್ ಕ್ಲೆಮೆಂಟ್ಸ್ ನಿರ್ದೇಶಿಸಿದ ಈ ಚಿತ್ರಕ್ಕೆ ಸಂಗೀತಕ್ಕಾಗಿ ಎರಡು ಆಸ್ಕರ್ ಪ್ರಶಸ್ತಿಗಳು ದೊರೆತವು, ಅವು ಅರ್ಹವಾದವೇ. ಇಲ್ಲಿ ನಾಲಿಗೆಯನ್ನು ಕತ್ತರಿಸುವುದಿಲ್ಲ. ಕಂಠವು ಬೆಳಕಿನ ಉಂಡೆಯಾಗಿ ಹೊರಬಂದು ಮಾಟಗಾತಿಯ ಕೊರಳಿನ ಚಿಪ್ಪಿನಲ್ಲಿ ಸೇರಿಕೊಳ್ಳುತ್ತದೆ. ಕೊನೆಗೆ ಚಿಪ್ಪು ಒಡೆಯುತ್ತದೆ, ಕಂಠ ಮರಳುತ್ತದೆ, ಮದುವೆಯೂ ಆಗುತ್ತದೆ. ಸೋಜಿಗವೆಂದರೆ ಇಲ್ಲಿಯ ಮತ್ಸ್ಯಕನ್ಯೆ ಮಾಟಗಾತಿಯ ಕರಾರುಪತ್ರಕ್ಕೆ ಸಹಿ ಹಾಕುತ್ತಾಳೆ! ಸಹಿ ಬಲ್ಲವಳು ದಡಕ್ಕೆ ಬಂದ ಮೇಲೆ ರಾಜಕುಮಾರನಿಗೆ ಒಂದು ಸಾಲನ್ನೂ ಬರೆಯಲಿಲ್ಲವೇಕೆ? ಹೆಸರು ಬರೆಯಬಲ್ಲ, ಮನಸ್ಸು ಬರೆಯಲಾರದ ಸಾಕ್ಷರರನ್ನು ನಾವೂ ಕಂಡಿದ್ದೇವೆ. ಇದೇ ಚಿತ್ರವನ್ನು 2023ರಲ್ಲಿ ಜೀವಂತ ನಟರಿಂದ ಮತ್ತೆ ಮಾಡಿಸಿದರು. ಅಲ್ಲಿಯೂ ಮುಕ್ತಾಯ ಮಂಗಳಕರವೇ.

ಆದರೆ ಎಲ್ಲರೂ ಹಾಗೆ ಮಾಡಿಲ್ಲ. ಸೋವಿಯತ್ ದೇಶದಲ್ಲಿ ಇವಾನ್ ಅಕ್ಸೆಂಚುಕ್ 1968ರಲ್ಲಿ ಮಾಡಿದ ಅರ್ಧ ತಾಸಿನ ಅನಿಮೇಶನ್ ಚಿತ್ರವೂ, 1975ರಲ್ಲಿ ಜಪಾನಿನ ತೋಯೆಯಿ ಸಂಸ್ಥೆ ಮಾಡಿದ ಚಿತ್ರವೂ ದುರಂತವನ್ನು ಮರೆಮಾಚಲಿಲ್ಲ. ಜಪಾನಿನ ಚಿತ್ರವು ಮುಗಿದಾಗ ನಮ್ಮ ಮನೆಯ ಮಕ್ಕಳು ಊಟಕ್ಕೆ ಏಳಲಿಲ್ಲ. ಮರುದಿನವೂ ಅದರದೇ ಮಾತು. ಸುಖಾಂತ್ಯದ ಚಿತ್ರದ ಹಾಡು ಅವರ ಬಾಯಲ್ಲಿ ಉಳಿಯಿತು. ದುಃಖಾಂತ್ಯದ ಚಿತ್ರದ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು.

ಹಾಗೆಂದು ಸುಖಾಂತ್ಯವೆಲ್ಲ ಹುಸಿ ಎಂದು ಹೇಳುವ ಪಂಡಿತರ ಸಾಲಿಗೆ ನಾವು ಸೇರಲಾರೆವು. ನಮ್ಮ ಬಯಲಾಟಗಳು ಮಂಗಳದಿಂದಲೇ ಮುಗಿಯುತ್ತವೆ. ಶ್ರೀಕೃಷ್ಣ ಪಾರಿಜಾತ ನೋಡಿ ಬೆಳಗಿನ ಜಾವ ಮನೆಗೆ ಮರಳುವವನ ಮುಖದಲ್ಲಿದ್ದ ತೃಪ್ತಿಯನ್ನು ಹುಸಿಯೆನ್ನಲು ಬಾಯಿ ಬರುವುದಿಲ್ಲ. ಅದೇ ಜನ ಸಂಗ್ಯಾ ಸಾಯುತ್ತಾನೆಂದು ಮೊದಲೇ ತಿಳಿದೂ ‘ಸಂಗ್ಯಾ ಬಾಳ್ಯಾ’ ನೋಡಲು ರಾತ್ರಿಯೆಲ್ಲ ಎಚ್ಚರವಿದ್ದರು. ನಮ್ಮವರಿಗೆ ಎರಡೂ ಬೇಕು. ಕಥೆಯಲ್ಲಿ ಕಳೆದುಹೋದದ್ದು ಯಾವ ದಾರಿಯಿಂದ ಮರಳಿ ಬರುತ್ತದೆ, ಅಥವಾ ಏಕೆ ಬಾರದು ಎಂಬುದಷ್ಟೇ ನೋಡತಕ್ಕ ಮಾತು. ಚಿಪ್ಪು ಒಡೆದ ಕೂಡಲೇ ಕಂಠ ಮರಳುವುದು ಸುಲಭದ ದಾರಿ. ಅಲ್ಲಿ ಯಾರೂ ಕೇಳಿಸಿಕೊಳ್ಳುವ ಕಷ್ಟ ಪಡಬೇಕಿಲ್ಲ.

ಈ ಕಥೆಯ ಒಡಹುಟ್ಟಿದವಳೊಬ್ಬಳು ನಮ್ಮ ಕನ್ನಡದಲ್ಲಿಯೇ ಇದ್ದಾಳೆ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿ ಇಂಗ್ಲಿಷಿನ ಮೂಲಕ ಜಗತ್ತಿಗೆ ತಲುಪಿಸಿದ, ಕರ್ನಾಟಕದ ಹೆಣ್ಣುಮಕ್ಕಳು ಹೇಳುತ್ತ ಬಂದ, ಹೂಮರವಾಗುವ ಹುಡುಗಿಯ ಕಥೆ ಅದು. ಉಗುರು ತಾಕದಂತೆ ತಂದ ಒಂದು ಕೊಡ ನೀರು ಹಾಕಿದರೆ ಆಕೆ ಮರವಾಗುತ್ತಾಳೆ. ನೋಯಿಸದೆ ಹೂ ಬಿಡಿಸಿಕೊಂಡು ಇನ್ನೊಂದು ಕೊಡ ಹಾಕಿದರೆ ಮರಳಿ ಹೆಣ್ಣಾಗುತ್ತಾಳೆ. ಮದುವೆಯಾದ ಮೇಲೆ ನಾದಿನಿಯೂ ಆಕೆಯ ಗೆಳತಿಯರೂ ಟೊಂಗೆಗಳನ್ನು ಮುರಿದು, ಹೇಗೆಂದರೆ ಹಾಗೆ ನೀರು ಸುರಿದು ಓಡಿಹೋಗುತ್ತಾರೆ. ಕೈಕಾಲಿಲ್ಲದ ಅರೆದೇಹ ಉಳಿಯುತ್ತದೆ. ದಾರಿಯಲ್ಲಿ ಸಿಕ್ಕವರು ಕೇಳಿದರೆ ಆಕೆ ಬಾಯಿ ಬಿಡುವುದಿಲ್ಲ. ಬೈರಾಗಿಯಂತೆ ಅಲೆಯುತ್ತ ಬಂದ ಗಂಡ ಕಡೆಗೊಮ್ಮೆ ಅವಳನ್ನು ನೋಡಿ ನೀನಾರೆಂದು ಕೇಳಿದಾಗ ಮಾತ್ರ ನಡೆದುದನ್ನೆಲ್ಲ ಹೇಳುತ್ತಾಳೆ. ಅವನು ಕೊಡ ತಂದು, ಮುರಿದ ಟೊಂಗೆಗಳನ್ನು ಒಂದೊಂದಾಗಿ ಸರಿಪಡಿಸಿ, ಅವಳನ್ನು ಮರಳಿ ಪಡೆಯುತ್ತಾನೆ. ಇದೂ ಸುಖಾಂತ್ಯವೇ. ಆದರೆ ಇಲ್ಲಿ ದುಡಿಮೆಯುಂಟು: ಹುಡುಕಬೇಕು, ಕೇಳಬೇಕು, ಜೋಡಿಸಬೇಕು.

ಗಿರೀಶ ಕಾರ್ನಾಡರು 1992ರಲ್ಲಿ ಇದೇ ಕಥೆಯನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಸಿದರು. ಮರಾಠಿಗರ ಅಚ್ಚುಮೆಚ್ಚಿನ ನಟಿ ಸೋನಾಲಿ ಕುಲಕರ್ಣಿಯವರಿಗೆ ಅದು ಮೊದಲ ಚಿತ್ರ. ಡೆನ್ಮಾರ್ಕಿನ ದುರಂತವನ್ನು ಹಾಲಿವುಡ್ ಮಂಗಳಕ್ಕೆ ತಿರುಗಿಸಿದರೆ, ಕಾರ್ನಾಡರು ಕನ್ನಡದ ಮಂಗಳವನ್ನು ದುರಂತಕ್ಕೆ ತಿರುಗಿಸಿದರು. ಚಿತ್ರದಲ್ಲಿ ಗಂಡ ಬರುತ್ತಾನೆ, ಚೆಲುವಿ ಹೇಳುತ್ತಾಳೆ, ಅವನು ಕೇಳಿಯೂ ಕೇಳುತ್ತಾನೆ. ಆದರೆ ಅಷ್ಟರಲ್ಲಿ ಕಾಡು ಕಡಿದುಹೋಗಿದೆ. ಜೋಡಿಸಲು ಟೊಂಗೆಗಳೇ ಇಲ್ಲ. ಕಥೆಯನ್ನು ಹೀಗೆ ಬದಲಿಸುವ ಹಕ್ಕು ಇತ್ತೇ ಎಂದು ಕೇಳುವವರಿದ್ದಾರೆ. ಇತ್ತೆಂದೇ ನಮ್ಮ ಅಭಿಪ್ರಾಯ. ಅಜ್ಜಿಯರು ಕಥೆ ಹೇಳುತ್ತಿದ್ದ ಕಾಲದಲ್ಲಿ ಟೊಂಗೆ ಮರದ ಬುಡದಲ್ಲಿಯೇ ಬಿದ್ದಿರುತ್ತಿತ್ತು. ಈಗ ಅದು ಲಾರಿಯಲ್ಲಿ ಹೋಗಿಬಿಡುತ್ತದೆ. ತಡವಾಗಿ ಕೇಳಿದರೆ ಫಲವಿಲ್ಲ ಎಂಬುದನ್ನು ಆ ಮುಕ್ತಾಯ ಹೇಳುತ್ತದೆ.

ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಖಂಡೇರಾಜುರಿಯ ನಮ್ಮ ಮನೆಯಲ್ಲಿ ಒಲೆಯ ಮುಂದೆ ಕನ್ನಡ, ಓಣಿಯಲ್ಲಿ ಮರಾಠಿ. ಎರಡೂ ನಮ್ಮವೇ, ಮರಾಠಿಯು ನಮಗೆ ಅನ್ನ ಕೊಟ್ಟ ನುಡಿ, ತುಕಾರಾಮರ ನುಡಿ. ಅದರ ಮೇಲೆ ನಮಗೆ ದೂರಿಲ್ಲ. ಆದರೆ ನಮ್ಮ ಮಕ್ಕಳು ಪುಣೆಯ ಕಡೆಗೆ, ಅವರ ಮಕ್ಕಳು ಇಂಗ್ಲಿಷ್ ಶಾಲೆಗೆ ನಡೆದಾಗ, ಹೊಸ ಕಾಲು ಪಡೆಯಲೆಂದು ಅವರು ಏನನ್ನು ಕೊಟ್ಟರು ಎಂದು ಯಾರೂ ಲೆಕ್ಕ ಹಾಕಲಿಲ್ಲ. ರಜೆಗೆ ಬರುವ ನಮ್ಮ ಮೊಮ್ಮಗಳು ಅಜ್ಜಿಯ ಕನ್ನಡವನ್ನೆಲ್ಲ ತಿಳಿಯುತ್ತಾಳೆ, ಉತ್ತರ ಮಾತ್ರ ಮರಾಠಿಯಲ್ಲಿ ಕೊಡುತ್ತಾಳೆ. ಅಜ್ಜಿ ಏನೋ ಕೇಳುತ್ತಾಳೆ. ಕೂಸಿನ ಕಣ್ಣು ಉತ್ತರಿಸುತ್ತದೆ, ಬಾಯಿ ತಡಬಡಿಸುತ್ತದೆ. ಮತ್ಸ್ಯಕನ್ಯೆ ಅರಮನೆಯಲ್ಲಿ ಹೇಗೆ ನಿಂತಿದ್ದಳೆಂದು ತಿಳಿಯಲು ನಮಗೆ ಚಿತ್ರ ನೋಡಬೇಕಿಲ್ಲ.

ಜಪಾನಿನ ಹಯಾವೊ ಮಿಯಾಝಾಕಿಯವರು 2008ರಲ್ಲಿ ಇದೇ ಕಥೆಯ ಎಳೆ ಹಿಡಿದು ‘ಪೊನ್ಯೊ’ ಎಂಬ ಚಿತ್ರ ಮಾಡಿದ್ದಾರೆ. ಮಕ್ಕಳಿರುವ ಮನೆಯವರು ಅವಶ್ಯವಾಗಿ ನೋಡಬೇಕು. ಅಲ್ಲಿ ಮೀನುಹುಡುಗಿಯನ್ನು ಮೆಚ್ಚಿದವನು ಐದು ವರ್ಷದ ಬಾಲಕ. ಆಕೆ ಮೀನಾದರೂ, ಮನುಷ್ಯಳಾದರೂ, ನಡುವಿನ ರೂಪದಲ್ಲಿದ್ದರೂ ನಿನಗೆ ಪ್ರೀತಿಯೇ ಎಂದು ಅವನನ್ನು ಕೇಳುತ್ತಾರೆ. ಮೂರೂ ರೂಪ ತನಗೆ ಪ್ರೀತಿಯೆಂದು ಅವನು ಒಪ್ಪುತ್ತಾನೆ. ಆಕೆ ನಾಲಿಗೆ ಕೊಡಬೇಕಾಗಿ ಬರುವುದಿಲ್ಲ. ಎರಡು ನುಡಿಗಳ ನಡುವೆ ಬೆಳೆಯುವ ಮಗುವಿಗೆ ನಾವು ಕೊಡಬೇಕಾದ ಉತ್ತರ ಆ ಬಾಲಕನದೇ. ಮರಾಠಿ ಬೆರೆತರೆ ಬೆರೆಯಲಿ, ಇಂಗ್ಲಿಷ್ ಇಣುಕಿದರೆ ಇಣುಕಲಿ. ತಪ್ಪು ಕನ್ನಡಕ್ಕೆ ನಕ್ಕು ಮಗುವಿನ ಬಾಯಿ ಮುಚ್ಚಿಸಬಾರದು.

ಇಷ್ಟರಿಂದಲೇ ಸಾಲದು, ಕೊನೆಯ ಸಾಲಿನ ಆ ಬಾಲಕಿಯ ಮಾತಿಗೂ ನಾವು ಋಣಿಗಳು. ಕಳೆದ ಬೇಸಗೆಯಲ್ಲಿ ಮೊಮ್ಮಗಳಿಗೆ ದಿನಕ್ಕೆ ನಾಲ್ಕಾರು ಅಕ್ಷರಗಳಂತೆ ಕನ್ನಡ ವರ್ಣಮಾಲೆ ಕಲಿಸಿದೆವು. ದೇವನಾಗರಿ ಬಲ್ಲ ಮಗುವಿಗೆ ವರ್ಣಗಳ ಕ್ರಮ ಒಂದೇ ಆದುದರಿಂದ ಇದು ಹೆಚ್ಚಿನ ಹೊರೆಯಲ್ಲ. ಕೈ ದುಂಡಗೆ ತಿರುಗಲು ಕಲಿಯಬೇಕು, ಅಷ್ಟೇ. ಒತ್ತಕ್ಷರಗಳಲ್ಲಿ ತುಸು ತಡವರಿಸಿದಳು. ರಜೆ ಮುಗಿಯುವಷ್ಟರಲ್ಲಿ ಅಜ್ಜಿಗೆ ಒಂದು ಚೀಟಿ ಬರೆದಳು. ಅದರಲ್ಲಿ ಮೂರು ಸಾಲು, ಐದು ತಪ್ಪು, ನಡುವೆ ಎರಡು ಮರಾಠಿ ಮಾತು. ಅಜ್ಜಿಗೆ ಕಣ್ಣು ಮಂಜಾದ ಕಾರಣ ನಾವೇ ಓದಿ ಹೇಳಿದೆವು. ಎರಡನೆಯ ಸಲವೂ ಓದಿಸಿದಳು.

ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಮಕ್ಕಳಿಗೆ ಚಿತ್ರಗಳನ್ನು ತೋರಿಸಿರಿ, ಸುಖಾಂತ್ಯದ್ದನ್ನೂ ದುಃಖಾಂತ್ಯದ್ದನ್ನೂ. ನೋಡಿದ ರಾತ್ರಿ ಅದೇ ಕಥೆಯನ್ನು ಕನ್ನಡದಲ್ಲಿ ಒಮ್ಮೆ ಹೇಳಿರಿ. ಬಳಿಕ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು, ಮತ್ಸ್ಯಕನ್ಯೆ ರಾಜಕುಮಾರನಿಗೆ ಏನೆಂದು ಬರೆಯಬಹುದಿತ್ತು ಎಂದು ಕೇಳಿರಿ. ಟೊಂಗೆಗಳು ಇನ್ನೂ ಮರದ ಬುಡದಲ್ಲಿಯೇ ಬಿದ್ದಿವೆ. ಬರುವ ವರ್ಷದ ಸಮ್ಮೇಳನಕ್ಕೆ ಮಕ್ಕಳ ಆ ಹಾಳೆಗಳನ್ನು ತಂದರೆ, ಸಂಚಿಕೆಯಲ್ಲಿ ನಮ್ಮಂಥ ಮುದುಕರ ಲೇಖನಕ್ಕೆ ಮೀಸಲಾದ ಪುಟಗಳನ್ನು ಅವಕ್ಕೆ ಬಿಟ್ಟುಕೊಡಲು ನಾವು ಸಿದ್ಧರಿದ್ದೇವೆ.